ಬೌಲ್ಡರ್ ಅನ್ನುವ ದನಗಾಹಿಗಳ ಊರು: ಯೂಟಾದ ಕ್ಯಾನ್ಯನ್ ನಾಡಿಗೆ ಹೋಗುವ ಮುಂಚೆ ತಿಳಿದಿರಬೇಕಾದ್ದು

ಲಾಸ್ ವೇಗಸ್‌ಗೆ ಬಂದಿಳಿದು, ಬಾಡಿಗೆ ಕಾರು ಹಿಡಿದು, ಝಾಯನ್, ಬ್ರೈಸ್ ಕ್ಯಾನ್ಯನ್, ಆರ್ಚಸ್ ಅಂತ ರಾಷ್ಟ್ರೀಯ ಉದ್ಯಾನಗಳ ಒಂದು ಸುತ್ತು ಹೊಡೆಯುವುದು ಅಮೆರಿಕದಲ್ಲಿರುವ ಕನ್ನಡದವರಿಗೆ ಹೊಸದೇನಲ್ಲ. ಊರಿಂದ ಅಪ್ಪ-ಅಮ್ಮ ಬಂದರಂತೂ ಈ ಸುತ್ತು ಆಗಲೇಬೇಕು, ಅಲ್ವಾ? ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್ ಕಡೆಗೆ ಹೋಗುವಾಗ ಯೂಟಾ ರಾಜ್ಯದ ಹೆದ್ದಾರಿ 12 ಸಿಗುತ್ತದೆ. ಸುಮಾರು 200 ಕಿ.ಮೀ. ಉದ್ದದ ರಸ್ತೆ. ಅದರ ಮೇಲೆ ಬೌಲ್ಡರ್ ಅಂತ ಒಂದು ಪುಟ್ಟ ಊರಿದೆ. ಕೊಲರಾಡೊದಲ್ಲಿರುವ ಬೌಲ್ಡರ್ ಬೇರೆ, ಅದು ದೊಡ್ಡ ನಗರ. ಈ ಬೌಲ್ಡರ್‌ನಲ್ಲಿ 2020ರ ಜನಗಣತಿ ಪ್ರಕಾರ ಇದ್ದವರು 227 ಜನ. ಬಹಳಷ್ಟು ಪ್ರವಾಸಿಗರು ಇಲ್ಲಿ ಹುಲ್ಲುಗಾವಲಿನದೊಂದು ಫೋಟೊ ತೆಗೆದು ಮುಂದೆ ಹೋಗಿಬಿಡುತ್ತಾರೆ.

ಹಾಗೆ ಹೋಗಬೇಡಿ, ಒಂದೆರಡು ರಾತ್ರಿ ಉಳಿಯಿರಿ. ಆದರೆ ಅದಕ್ಕೂ ಮುಂಚೆ ಈ ಊರು ಹೇಗೆ ಬದುಕುತ್ತದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಳ್ಳಿ. ಸುತ್ತ ಎಲ್ಲಿ ನೋಡಿದರೂ ಬೋಳು ಬಂಡೆ. ನಡುವೆ ಕಣ್ಣಿಗೆ ಹೊಡೆಯುವ ಹಸಿರು ಹೊಲ. ರಸ್ತೆ ಮೇಲೆ ದನ. ಯಾರದೋ ಬೇಲಿ, ಆ ಬೇಲಿಯೊಳಗೇ ನುಗ್ಗಿ ಹೋಗುವ ಸರ್ಕಾರಿ ರಸ್ತೆ. ಮೊದಲ ಸಲ ನೋಡಿದಾಗ ಇದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ, ಕ್ಯಾನ್ಯನ್ ನೋಡಲು ಬಂದವರಿಗೆ ಊರು ಸುಮ್ನೆ ಊಟಕ್ಕೆ ನಿಲ್ಲುವ ಜಾಗ ಅನ್ನಿಸುತ್ತದೆ. ನೀರು ಮತ್ತು ದನ, ಈ ಎರಡರ ಜಾಡು ಹಿಡಿದು ನೋಡಿದರೆ ಊರು, ರಸ್ತೆ, ಕ್ಯಾನ್ಯನ್ ಮೂರೂ ಒಂದೇ ಕಥೆ ಅಂತ ಗೊತ್ತಾಗುತ್ತದೆ.

ನೀರಿನಿಂದಲೇ ಶುರು ಮಾಡೋಣ. ಬೌಲ್ಡರ್ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಬೀಳುವ ಮಳೆ 300 ಮಿ.ಮೀ.ಗಿಂತ ಕಡಿಮೆ. ಅಷ್ಟು ಮಳೆಗೆ ಬೆಳೆ ತೆಗೆಯುವುದು ಆಗದ ಮಾತು. ಆದರೆ ಊರಿನ ಉತ್ತರಕ್ಕೆ ಬೌಲ್ಡರ್ ಮೌಂಟನ್ ಇದೆ. ಅಕ್ವೇರಿಯಸ್ ಪ್ರಸ್ಥಭೂಮಿಯ ಭಾಗ ಅದು, ಎತ್ತರ 3,300 ಮೀಟರ್ ದಾಟುತ್ತದೆ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಬಿದ್ದು ರಾಶಿಯಾಗುತ್ತದೆ. ಬೇಸಿಗೆ ಬರುತ್ತಾ ಆ ಹಿಮ ಕರಗಿ ಬೌಲ್ಡರ್ ಕ್ರೀಕ್, ಡಿಯರ್ ಕ್ರೀಕ್ ಮುಂತಾದ ಹೊಳೆಗಳಾಗಿ ಇಳಿಯುತ್ತದೆ. ಊರಿಗೆ ಬೆಟ್ಟವೇ ಕೆರೆ. 1880ರ ದಶಕದ ಕೊನೆಯಲ್ಲಿ ಇಲ್ಲಿಗೆ ದನ ಹೊಡೆದುಕೊಂಡು ಬಂದು ನೆಲೆಸಿದವರು ಈ ಹೊಳೆಗಳಿಂದ ಕಾಲುವೆ ತೋಡಿ ನೀರು ತಿರುಗಿಸಿಕೊಂಡರು. ಇವತ್ತು ಪೈಪು, ಸ್ಪ್ರಿಂಕ್ಲರ್ ಬಂದಿವೆ. ಬೆಳೆಯುವುದು ಮುಖ್ಯವಾಗಿ ಹುಲ್ಲು ಮತ್ತು ಲೂಸರ್ನ್, ಅಂದರೆ ನಮ್ಮ ಕಡೆಯ ಕುದುರೆ ಮಸಾಲೆ ಮೇವು.

ಈ ನೀರು ಯಾರಿಗೆ ಎಷ್ಟು ಅನ್ನುವುದಕ್ಕೆ ಒಂದು ನಿಯಮ ಇದೆ, ಅಮೆರಿಕದ ಒಣ ಪಶ್ಚಿಮವನ್ನೆಲ್ಲ ಆಳುವ ನಿಯಮ ಅದು. ಯಾರು ಮೊದಲು ನೀರು ಬಳಸಲು ಶುರು ಮಾಡಿದರೋ ಅವರ ಹಕ್ಕು ಮೊದಲು. ಜಮೀನು ಹೊಳೆಯ ದಡದಲ್ಲಿದೆಯೋ ದೂರದಲ್ಲಿದೆಯೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ತಾರೀಖು ಲೆಕ್ಕಕ್ಕೆ ಬರುತ್ತದೆ. ಬರ ಬಿದ್ದ ವರ್ಷ 1890ರ ಹಕ್ಕು ಇರುವವರು ತಮ್ಮ ಪಾಲು ಪೂರ್ತಿ ತಗೊಂಡ ಮೇಲಷ್ಟೇ 1920ರ ಹಕ್ಕಿನವರಿಗೆ ಸಿಗುತ್ತದೆ, ಉಳಿದಿದ್ದರೆ. ಅಷ್ಟೇ ಅಲ್ಲ, ಯೂಟಾದಲ್ಲಿ ಸತತ 7 ವರ್ಷ ಬಳಸದೆ ಬಿಟ್ಟರೆ ಹಕ್ಕು ಕೈತಪ್ಪಬಹುದು. ಹಾಗಾಗಿ ರಸ್ತೆ ಪಕ್ಕದ ಸಣ್ಣ ಕಾಲುವೆ ನೋಡಿ ಮಕ್ಕಳನ್ನು ಆಟಕ್ಕೆ ಇಳಿಸುವುದಾಗಲಿ, ತಡೆಗೆ ಹಾಕಿದ ಹಲಗೆ ಎತ್ತಿ ನೋಡುವುದಾಗಲಿ ಖಂಡಿತ ಬೇಡ. ಆ ನೀರಿಗೆ ಒಬ್ಬ ಮಾಲೀಕ ಇದ್ದಾನೆ, ಆ ಹಲಗೆ ಅಲ್ಲಿರುವುದು ಅವನ ಸರದಿಗಾಗಿ.

ಈ ಜಾಗದಲ್ಲಿ ನೀರು ನಂಬಿ ಬದುಕಿದವರಲ್ಲಿ ಇವರೇ ಮೊದಲಿಗರಲ್ಲ. ಊರೊಳಗೇ ಅನಸಾಜಿ ಸ್ಟೇಟ್ ಪಾರ್ಕ್ ಮ್ಯೂಸಿಯಂ ಇದೆ. ಸುಮಾರು ಕ್ರಿ.ಶ. 1050ರಿಂದ 1200ರ ನಡುವೆ ಇಲ್ಲಿ ಪುಯೆಬ್ಲೊ ಅನ್ನುವ ಮೂಲನಿವಾಸಿ ಜನರ ಪೂರ್ವಿಕರ ಒಂದು ಹಳ್ಳಿ ಇತ್ತು. ಅವರೂ ಇಲ್ಲೇ ಜೋಳ (ನಾವು ಹೇಳುವ ಮೆಕ್ಕೆಜೋಳ), ಬೀನ್ಸ್, ಕುಂಬಳ ಬೆಳೆಯುತ್ತಿದ್ದರು. 1958-59ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಅಗೆದಾಗ ಸಾಲುಸಾಲು ಕೋಣೆಗಳು ಸಿಕ್ಕವು. ಹಳ್ಳಿ ಕೊನೆಗೆ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಮ್ಯೂಸಿಯಂ ಚಿಕ್ಕದು, ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು. ಊರಿಗೆ ಬಂದ ಕೂಡಲೇ ಮೊದಲು ಇಲ್ಲಿಗೇ ಹೋಗಿ.

ಇನ್ನು ದನ. ಇದು ಸ್ವಲ್ಪ ಗೋಜಲಿನ ವಿಷಯ, ನಿಧಾನವಾಗಿ ನೋಡೋಣ. ಊರವರ ಸ್ವಂತ ಜಮೀನು ಕಡಿಮೆ. ಬೌಲ್ಡರ್ ಇರುವ ಗಾರ್‌ಫೀಲ್ಡ್ ಕೌಂಟಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೆಲ ಕೇಂದ್ರ ಸರ್ಕಾರದ್ದು. ಹಾಗಿದ್ದರೆ ಇಷ್ಟು ದನ ಎಲ್ಲಿ ಮೇಯುತ್ತವೆ? ಸರ್ಕಾರಿ ನೆಲದಲ್ಲೇ. ನಮ್ಮ ಹಳ್ಳಿಗಳ ಗೋಮಾಳ ನೆನಪು ಮಾಡಿಕೊಳ್ಳಿ: ನೆಲ ಸರ್ಕಾರದ್ದು, ಮೇವು ಊರಿನ ದನದ್ದು. ವ್ಯತ್ಯಾಸ ಏನೆಂದರೆ ಇಲ್ಲಿ ಯಾರ ದನ, ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಬೇಲಿಯೊಳಗೆ ಅನ್ನುವುದೆಲ್ಲ ಪರ್ಮಿಟ್‌ನಲ್ಲಿ ಬರೆದಿರುತ್ತದೆ.

ವರ್ಷದ ಚಕ್ರ ಹೀಗಿರುತ್ತದೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮ, ಆಗ ದನ ಕೆಳಗಿನ ಬಿಸಿ ಮರಳುನಾಡಿನಲ್ಲಿ ಮೇಯುತ್ತವೆ. ಆ ನೆಲ ನೋಡಿಕೊಳ್ಳುವುದು ಭೂ ನಿರ್ವಹಣಾ ಇಲಾಖೆ, ಎಲ್ಲರೂ ಬಿಎಲ್‌ಎಂ ಅನ್ನುತ್ತಾರೆ. ಬೇಸಿಗೆ ಏರುತ್ತಿದ್ದಂತೆ ಕೆಳಗೆ ಹುಲ್ಲು ಒಣಗುತ್ತದೆ, ಮೇಲೆ ಹಸಿರಾಗುತ್ತದೆ. ಆಗ ದನಗಳನ್ನು ಬೆಟ್ಟದ ಮೇಲಿನ ರಾಷ್ಟ್ರೀಯ ಅರಣ್ಯಕ್ಕೆ ಹತ್ತಿಸುತ್ತಾರೆ. ಅವು ಮೇಲಿರುವಷ್ಟು ದಿನ ಊರಿನ ಹೊಲಗಳಲ್ಲಿ ಮೇವು ಬೆಳೆದು, ಕೊಯ್ದು, ಒಣಗಿಸಿ, ಪೆಂಡಿ ಕಟ್ಟಿ ಇಡುತ್ತಾರೆ. ಚಳಿ ಶುರುವಾಗುವ ಹೊತ್ತಿಗೆ ದನ ಮತ್ತೆ ಇಳಿಯುತ್ತವೆ. ಆಗಲೇ ಆ ವರ್ಷದ ಕರುಗಳನ್ನು ತಾಯಿಯಿಂದ ಬೇರೆ ಮಾಡಿ ಮಾರುವುದು. ಇಲ್ಲಿ ದನ ಸಾಕುವುದು ಮಾಂಸಕ್ಕೆ. ವರ್ಷವೆಲ್ಲ ಖರ್ಚು, ಆದಾಯ ಮಾತ್ರ ಆ ಒಂದು ಮಾರಾಟದಲ್ಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಕರುವಿನ ಬೆಲೆ ಬಿದ್ದರೆ ಮನೆಯ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ.

ಸರ್ಕಾರ ಇದಕ್ಕೆ ಬಾಡಿಗೆ ವಸೂಲಿ ಮಾಡುತ್ತದೆ. ಒಂದು ಹಸು ಅದರ ಕರುವಿನ ಜೊತೆ ಒಂದು ತಿಂಗಳು ಮೇಯುವ ಮೇವನ್ನು ಒಂದು ಅಳತೆ ಅಂತ ಇಟ್ಟುಕೊಂಡಿದ್ದಾರೆ. 2019ರಿಂದ 2025ರವರೆಗೆ ಆ ಒಂದು ಅಳತೆಗೆ 1.35 ಡಾಲರ್ ಇತ್ತು. ಖಾಸಗಿ ಹುಲ್ಲುಗಾವಲಿನಲ್ಲಿ ಇಷ್ಟೇ ಮೇವಿಗೆ 20 ಡಾಲರ್ ದಾಟುತ್ತದೆ. ಇದು ದನಗಾಹಿಗಳಿಗೆ ಕೊಡುವ ಸಹಾಯಧನ ಅಲ್ಲದೆ ಇನ್ನೇನು ಅಂತ ಪರಿಸರದವರು ಕೇಳುತ್ತಾರೆ. ಬೇಲಿ ರಿಪೇರಿ, ನೀರಿನ ವ್ಯವಸ್ಥೆ, ದೂರದ ಕಣಿವೆಗಳಲ್ಲಿ ಕಳೆದುಹೋದ ದನ ಹುಡುಕುವ ಶ್ರಮ, ಇದೆಲ್ಲ ನಮ್ಮ ತಲೆ ಮೇಲೇ ಇದೆಯಲ್ಲ ಅಂತ ದನಗಾಹಿಗಳು ಹೇಳುತ್ತಾರೆ. ಎರಡೂ ಮಾತಿನಲ್ಲಿ ಸತ್ಯ ಇದೆ ಅನ್ನುವುದು ನನ್ನ ಅಭಿಪ್ರಾಯ.

ಪರ್ಮಿಟ್ ಬಂದದ್ದು ಸುಮ್ನೆ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯಾರು ಬೇಕಾದರೂ ಎಷ್ಟು ದನ, ಕುರಿ ಬೇಕಾದರೂ ಬಿಡಬಹುದಿತ್ತು. ನಾನು ಬಿಡದಿದ್ದರೆ ಪಕ್ಕದವನು ಬಿಡುತ್ತಾನೆ ಅಂತ ಎಲ್ಲರೂ ಬಿಟ್ಟರು. ಬೆಟ್ಟ ಬೋಳಾಯಿತು, ಮಳೆ ಬಂದರೆ ಮಣ್ಣೆಲ್ಲ ಕೊಚ್ಚಿ ಬರತೊಡಗಿತು. 1903ರಲ್ಲಿ ಅಕ್ವೇರಿಯಸ್ ಬೆಟ್ಟವನ್ನು ಮೀಸಲು ಅರಣ್ಯ ಮಾಡಿದರು. ಕೆಳಗಿನ ಮರಳುನಾಡಿಗೆ 1934ರಲ್ಲಿ ಟೇಲರ್ ಗ್ರೇಝಿಂಗ್ ಕಾಯ್ದೆ ಬಂತು. ಪರ್ಮಿಟ್ ಬೇಕಾದರೆ ಹತ್ತಿರದಲ್ಲಿ ಸ್ವಂತ ಜಮೀನೋ ನೀರಿನ ಹಕ್ಕೋ ಇರಬೇಕು ಅನ್ನುವ ಷರತ್ತೂ ಅದರೊಂದಿಗೇ ಬಂತು. ಹಾಗಾಗಿ ಊರಿನ ಒಂದು ಸಣ್ಣ ಹೊಲ ಮಾರಾಟವಾದರೆ ಬರೀ ಹೊಲ ಮಾರಾಟವಾಗುವುದಿಲ್ಲ. ಅದರ ಜೊತೆ ಬೆಟ್ಟದ ಮೇವು, ಮರಳುನಾಡಿನ ಮೇವು, ಕಾಲುವೆಯ ಸರದಿ ಎಲ್ಲ ಕೈ ಬದಲಾಗಬಹುದು. ಹೊರಗಿನವರು ರಜೆ ಮನೆಗೆ ಅಂತ ಜಮೀನು ಕೊಂಡು ಬೆಲೆ ಏರಿಸಿದಾಗ ಊರವರಿಗೆ ಯಾಕೆ ಅಷ್ಟು ಸಂಕಟ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ರಸ್ತೆಯ ಕಥೆ ಕೇಳಿದರೆ ಈ ಊರು ಎಷ್ಟು ದೂರದಲ್ಲಿತ್ತು ಅಂತ ತಿಳಿಯುತ್ತದೆ. ಪಕ್ಕದ ಊರು ಎಸ್ಕಲಾಂಟೆ ಇಲ್ಲಿಂದ ಸುಮಾರು 45 ಕಿ.ಮೀ. ನಡುವೆ ಬರೀ ಬಂಡೆ ಮತ್ತು ಕಮರಿ. 1930ರ ದಶಕದಲ್ಲೂ ಬೌಲ್ಡರ್‌ಗೆ ಟಪಾಲು ಬರುತ್ತಿದ್ದದ್ದು ಹೇಸರಗತ್ತೆಯ ಬೆನ್ನ ಮೇಲೆ. ದೇಶ ಆರ್ಥಿಕ ಕುಸಿತದಲ್ಲಿದ್ದಾಗ ಕೆಲಸವಿಲ್ಲದ ಹುಡುಗರಿಗೆ ಕೆಲಸ ಕೊಡಲು ಸರ್ಕಾರ ಕಟ್ಟಿದ ಸಿಸಿಸಿ ಪಡೆಯವರು 1933ರಲ್ಲಿ ಬೆಟ್ಟದ ಅಂಚಿನಲ್ಲಿ ಹೆಲ್ಸ್ ಬ್ಯಾಕ್‌ಬೋನ್ ರಸ್ತೆ ಮಾಡಿದರು. ಅದು ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚಿಹೋಗುತ್ತಿತ್ತು. ಕೆಳಗಿನ ದಾರಿ, ಈಗಿನ ಹೆದ್ದಾರಿ 12, ಆದದ್ದು 1940ರಲ್ಲಿ. ಬೆಟ್ಟ ಹತ್ತಿ ಆಚೆ ಬದಿಯ ಟೋರಿ ಊರಿನ ಕಡೆಗೆ ಹೋಗುವ ಭಾಗಕ್ಕೆ ಡಾಂಬರು ಬಿದ್ದದ್ದು 1985ರಲ್ಲಿ.

ಸುತ್ತಲಿನ ಹೆಸರುಗಳೂ ದನದ ಕಥೆಯನ್ನೇ ಹೇಳುತ್ತವೆ. ಕಾಫ್ ಕ್ರೀಕ್ ಅಂದರೆ ಕರುವಿನ ಹೊಳೆ. ಅದರ ಕಮರಿಯ ಗೋಡೆಗಳು ಎಷ್ಟು ಕಡಿದು ಅಂದರೆ ಅದರೊಳಗೆ ಕರು ಬಿಟ್ಟು ಬಾಯಿಗೆ ಬೇಲಿ ಕಟ್ಟಿದರೆ ಸಾಕಿತ್ತು, ದೊಡ್ಡಿ ಸಿದ್ಧ. ಅದೇ ಕಮರಿಯೊಳಗೆ ನಡೆದು ಹೋದರೆ 126 ಅಡಿ ಎತ್ತರದ ಜಲಪಾತ ಸಿಗುತ್ತದೆ. ಹೋಗಿ ಬರಲು ಸುಮಾರು 10 ಕಿ.ಮೀ., ಹೆಚ್ಚು ಏರಿಳಿತ ಇಲ್ಲ, ಆದರೆ ಮರಳಿನಲ್ಲಿ ಕಾಲೆಳೆದು ನಡೆಯಬೇಕು. ಬರ್ ಟ್ರೇಲ್ ರಸ್ತೆಗೆ ಆ ಹೆಸರು ಬಂದದ್ದು ಜಾನ್ ಅಟ್ಲಾಂಟಿಕ್ ಬರ್ ಅನ್ನುವ ದನಗಾಹಿಯಿಂದ. ಅಟ್ಲಾಂಟಿಕ್ ಸಾಗರದಲ್ಲಿ ಹಡಗಿನಲ್ಲೇ ಹುಟ್ಟಿದವನು, ಅದಕ್ಕೇ ಆ ನಡುವಿನ ಹೆಸರು. ಚಳಿಗಾಲದ ಮೇವಿಗೂ ಬೇಸಿಗೆಯ ಮೇವಿಗೂ ನಡುವೆ ದನ ಸಾಗಿಸಲು ಮಾಡಿಕೊಂಡ ದಾರಿ ಅದು. ಈಗ ಬೌಲ್ಡರ್‌ನಿಂದ ಕ್ಯಾಪಿಟಲ್ ರೀಫ್ ಗಡಿಯವರೆಗೆ ಸುಮಾರು 50 ಕಿ.ಮೀ. ಡಾಂಬರು ಇದೆ, ಮಾಮೂಲಿ ಕಾರು ಆರಾಮಾಗಿ ಹೋಗುತ್ತದೆ. ನಡುವೆ ಲಾಂಗ್ ಕ್ಯಾನ್ಯನ್ ಸಿಗುತ್ತದೆ, ಎರಡೂ ಕಡೆ ಕೆಂಪು ಗೋಡೆ. ನನ್ನನ್ನು ಕೇಳಿದರೆ ಈ ಸುತ್ತಿನಲ್ಲೇ ಚೆಂದದ ಡ್ರೈವ್ ಇದು, ಸಂಜೆ ನಾಲ್ಕರ ನಂತರದ ಬಿಸಿಲಿನಲ್ಲಿ ಹೋಗಿ.

ಆ ಬಂಡೆಗಳು ಯಾಕೆ ಹಾಗಿವೆ? ಊರಿನ ಸುತ್ತ ಕಾಣುವ ಬೆಳ್ಳಗಿನ, ಗುಂಡಗಿನ ಗುಡ್ಡಗಳೆಲ್ಲ ನವಾಹೊ ಮರಳುಗಲ್ಲು. ಸುಮಾರು 18-19 ಕೋಟಿ ವರ್ಷಗಳ ಹಿಂದೆ ಇಲ್ಲಿ ದೊಡ್ಡ ಮರುಭೂಮಿ ಇತ್ತು. ಗಾಳಿ ಕೂಡಿಹಾಕಿದ ಮರಳ ದಿಬ್ಬಗಳೇ ಒತ್ತಡಕ್ಕೆ ಸಿಕ್ಕಿ ಕಲ್ಲಾದವು. ಬಂಡೆಯ ಮೇಲೆ ಓರೆ ಓರೆಯಾಗಿ ಕಾಣುವ ಗೆರೆಗಳು ಆ ದಿಬ್ಬಗಳ ಇಳಿಜಾರು. ಆಮೇಲೆ ಇಡೀ ನೆಲ ನಿಧಾನವಾಗಿ ಮೇಲೆದ್ದಿತು, ಮೇಲೆದ್ದಂತೆ ಹೊಳೆಗಳು ಕೆಳಕ್ಕೆ ಕೊರೆದುಕೊಂಡು ಹೋದವು. ಬಂಡೆಯಲ್ಲಿ ಬಿರುಕು ಇದ್ದ ಕಡೆ ನೀರು ಅದನ್ನೇ ಹಿಡಿದು ಕೊರೆದರೆ ಸ್ಲಾಟ್ ಕ್ಯಾನ್ಯನ್. ಕೆಲವು ಕಡೆ ಮನುಷ್ಯ ಅಡ್ಡ ತಿರುಗಿ ನುಸುಳಬೇಕು, ಅಷ್ಟು ಕಿರಿದು.

ಇಲ್ಲಿನ ಮುಖ್ಯ ಅಪಾಯ ಇದರಿಂದಲೇ ಬರುವುದು. ಬೋಳು ಬಂಡೆ ನೀರು ಕುಡಿಯುವುದಿಲ್ಲ. ಹತ್ತಾರು ಕಿಲೋಮೀಟರ್ ಆಚೆ ಗುಡುಗು ಮಳೆ ಬಿದ್ದರೆ ಆ ನೀರೆಲ್ಲ ಜಾರಿ ಬಂದು ಈ ಕಿರಿದಾದ ಸೀಳಿಗೆ ನುಗ್ಗುತ್ತದೆ. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರಬಹುದು. 2015ರ ಸೆಪ್ಟೆಂಬರ್ 14ರಂದು ಇದೇ ದಕ್ಷಿಣ ಯೂಟಾದಲ್ಲಿ ಒಂದೇ ದಿನ 20 ಜನ ಸತ್ತರು, ಝಾಯನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ 7 ಜನ, ಹಿಲ್ಡೇಲ್ ಊರಿನ ಹತ್ತಿರ ಕೊಚ್ಚಿಹೋದ ವಾಹನಗಳಲ್ಲಿದ್ದ 13 ಜನ. ಜುಲೈಯಿಂದ ಸೆಪ್ಟೆಂಬರ್ ಇಲ್ಲಿನ ಗುಡುಗು ಮಳೆಯ ಕಾಲ. ಅಮೆರಿಕದಲ್ಲಿ ಮಕ್ಕಳ ಶಾಲೆಗೆ ರಜೆ ಇರುವುದೂ, ಅಪ್ಪ-ಅಮ್ಮ ಬಂದಿರುವುದೂ ಬಹುಪಾಲು ಅದೇ ಹೊತ್ತಿನಲ್ಲಿ. ಸ್ಲಾಟ್ ಕ್ಯಾನ್ಯನ್‌ಗೆ ಇಳಿಯುವ ದಿನ ಬೆಳಿಗ್ಗೆ ಎಸ್ಕಲಾಂಟೆಯ ಪ್ರವಾಸಿ ಕೇಂದ್ರದಲ್ಲಿ ಹವಾಮಾನ ಕೇಳಿ, ಅನುಮಾನ ಅಂದರೆ ಆ ದಿನ ಬಿಟ್ಟುಬಿಡಿ. ಮಣ್ಣಿನ ರಸ್ತೆಗಳ ಮಾತೂ ಅಷ್ಟೇ, ಮಳೆ ಬಿದ್ದರೆ ಜೇಡಿ ಎದ್ದು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಫೋರ್ ವ್ಹೀಲ್ ಇದ್ದರೂ ಜಾರುತ್ತದೆ. ಫೋನ್ ಸಿಗ್ನಲ್ ಹೆಚ್ಚಿನ ಕಡೆ ಇಲ್ಲ.

ಈ ಬಂಡೆನಾಡನ್ನೆಲ್ಲ ಸೇರಿಸಿ 1996ರ ಸೆಪ್ಟೆಂಬರ್ 18ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ರಾಷ್ಟ್ರೀಯ ಸ್ಮಾರಕ (ಕಟ್ಟಡ ಅಲ್ಲ, ಕೇಂದ್ರ ಸರ್ಕಾರ ಕಾಪಾಡುವ ನೆಲ) ಅಂತ ಘೋಷಿಸಿದರು. ಸುಮಾರು 17 ಲಕ್ಷ ಎಕರೆ. ಘೋಷಣೆ ಆದದ್ದು ಯೂಟಾದಲ್ಲೂ ಅಲ್ಲ, ಪಕ್ಕದ ಅರಿಝೋನಾದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ನಿಂತು. ನಮ್ಮನ್ನು ಒಂದು ಮಾತು ಕೇಳಲಿಲ್ಲ ಅನ್ನುವ ಸಿಟ್ಟು ಇಲ್ಲಿನ ಬಹಳ ಮನೆಗಳಲ್ಲಿ ಇವತ್ತಿಗೂ ಇದೆ. ಕಲ್ಲಿದ್ದಲು ಗಣಿಯ ಯೋಜನೆ ನಿಂತಿತು. ದನ ಮೇಯಿಸುವುದಕ್ಕೆ ಮಾತ್ರ ಘೋಷಣೆಯಲ್ಲೇ ಅವಕಾಶ ಉಳಿಯಿತು. 2017ರಲ್ಲಿ ಟ್ರಂಪ್ ಅದನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿದರು, 2021ರಲ್ಲಿ ಬೈಡನ್ ಮತ್ತೆ 18.7 ಲಕ್ಷ ಎಕರೆಗೆ ಏರಿಸಿದರು. ಊಟದ ಮೇಜಿನಲ್ಲಿ ಕೂತು ಈ ವಿಷಯ ಎತ್ತಿದರೆ ಒಂದೇ ಊರಿನಲ್ಲಿ ತದ್ವಿರುದ್ಧ ಉತ್ತರ ಸಿಗುತ್ತದೆ. ಕೆಲವರಿಗೆ ಸ್ಮಾರಕದಿಂದಲೇ ಹೋಟೆಲು, ಗೈಡ್ ಕೆಲಸ ಸಿಕ್ಕಿದೆ. ಕೆಲವರಿಗೆ ಅಜ್ಜನ ಕಾಲದ ಮೇವಿನ ನೆಲದ ಮೇಲೆ ಬೇರೆಯವರ ಹಿಡಿತ ಬಂದಿದೆ. ನೀವು ಕೇಳಿ, ಕೇಳಿಸಿಕೊಳ್ಳಿ. ಬಗೆಹರಿಸಲು ಹೋಗಬೇಡಿ.

ನೆಲಕ್ಕೆ ದನದಿಂದ ಪೆಟ್ಟು ಬೀಳುವುದಿಲ್ಲವಾ ಅಂದರೆ, ಬೀಳುತ್ತದೆ. ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಒಂದು ಪದರ ಕಾಣುತ್ತದೆ, ಹತ್ತಿರ ಬಗ್ಗಿ ನೋಡಿದರೆ ಸುಟ್ಟ ರೊಟ್ಟಿಯ ಪುಡಿಯ ಹಾಗಿರುತ್ತದೆ. ಅದು ಜೀವ ಇರುವ ಮಣ್ಣು: ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಮರಳನ್ನು ಹಿಡಿದುಕೊಂಡಿರುತ್ತವೆ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಕಟ್ಟಿಕೊಳ್ಳಲು ಹತ್ತಾರು ವರ್ಷ ಬೇಕು. ಗೊರಸಿಗೂ ಪುಡಿಯಾಗುತ್ತದೆ, ನಮ್ಮ ಶೂಗೂ ಪುಡಿಯಾಗುತ್ತದೆ. ದನವನ್ನು ಬೈಯುತ್ತಾ ಫೋಟೊಗಾಗಿ ದಾರಿ ಬಿಟ್ಟು ಇದರ ಮೇಲೆ ನಡೆಯುವುದು ತಪ್ಪು. ಬಂಡೆ ಮೇಲೆ ನಡೆಯಿರಿ, ಇಲ್ಲವೇ ಹೊಳೆಯ ಒಣ ಮರಳಿನಲ್ಲಿ.

ಈಗ ಗೇಟು. ಮಣ್ಣಿನ ರಸ್ತೆಯಲ್ಲಿ ಹೋಗುವಾಗ ಬೇಲಿ ಅಡ್ಡ ಬಂದರೆ ಹೆದರಬೇಡಿ, ಸಾರ್ವಜನಿಕ ರಸ್ತೆಯಾದರೆ ತೆರೆದು ಹೋಗಬಹುದು. ನಿಯಮ ಒಂದೇ: ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ತೆರೆದಿಟ್ಟ ಗೇಟನ್ನು ಒಳ್ಳೇ ಮನಸ್ಸಿನಿಂದ ಮುಚ್ಚಿದರೆ ಆಚೆ ಇರುವ ದನಕ್ಕೆ ನೀರಿನ ದಾರಿ ಕಟ್ಟಿದಂತಾಗಬಹುದು. ಹಲವು ಕಡೆ ಗೇಟು ಅಂದರೆ ಬರೀ ತಂತಿ. ಮೂರ್ನಾಲ್ಕು ಎಳೆ ಮುಳ್ಳುತಂತಿ, ನಡುನಡುವೆ ಕೋಲು, ತುದಿಯ ಕೋಲಿನ ಬುಡ ಕಂಬದ ಕೆಳಗಿನ ತಂತಿ ಕುಣಿಕೆಯಲ್ಲಿ, ತಲೆ ಮೇಲಿನ ಕುಣಿಕೆಯಲ್ಲಿ. ತೆಗೆಯಲು ಕೋಲನ್ನು ತಬ್ಬಿಕೊಂಡು ಕಂಬದ ಕಡೆಗೆ ಭುಜದಿಂದ ಒತ್ತಿ, ಸಡಿಲಾದ ಮೇಲಿನ ಕುಣಿಕೆಯನ್ನು ಜಾರಿಸಿ, ಆಮೇಲೆ ಬುಡ ಎತ್ತಿ. ಹಾಕುವಾಗ ಮೊದಲು ಬುಡ, ಆಮೇಲೆ ತಲೆ. ಕೈಗವಸು ಇದ್ದರೆ ಒಳ್ಳೆಯದು. ಡಾಂಬರು ರಸ್ತೆಗೆ ಗೇಟಿನ ಬದಲು ಕ್ಯಾಟಲ್ ಗಾರ್ಡ್ ಇರುತ್ತದೆ: ಅಡ್ಡಕ್ಕೆ ಗುಂಡಿ, ಅದರ ಮೇಲೆ ಸಂದು ಬಿಟ್ಟು ಹಾಕಿದ ಕಬ್ಬಿಣದ ಕಂಬಿಗಳು. ಕಾರು ಗಡಗಡ ಅಂತ ದಾಟುತ್ತದೆ, ದನ ಕಾಲಿಡಲು ಹೆದರುತ್ತದೆ.

ಓಪನ್ ರೇಂಜ್ ಅನ್ನುವ ಬೋರ್ಡು ಕಂಡರೆ ಅಲ್ಲಿ ದನ ರಸ್ತೆಗೆ ಬರುವುದು ಸಹಜ ಅಂತ ಅರ್ಥ. ದನಕ್ಕೆ ಗುದ್ದಿದರೆ ಮಾಲೀಕನ ಮೇಲೆ ತಪ್ಪು ಹೊರಿಸುವುದು ಸಾಮಾನ್ಯವಾಗಿ ಆಗುವುದಿಲ್ಲ, ದನದ ಬೆಲೆ ನಿಮ್ಮ ಮೇಲೇ ಬರಬಹುದು. ಹಗಲಲ್ಲಿ ಹಿಂಡು ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲಿಸಿ. ಹಾರ್ನ್ ಮಾಡಬೇಡಿ, ಇಳಿಯಬೇಡಿ, ನಾಯಿಗಳನ್ನು ಕರೆಯಬೇಡಿ, ಅವು ಕೆಲಸದಲ್ಲಿರುತ್ತವೆ. ಕುದುರೆ ಮೇಲಿರುವವರು ಕೈ ಮಾಡಿ ತೋರಿಸುತ್ತಾರೆ, ಆಗ ನಡೆಯುವ ವೇಗದಲ್ಲಿ ಮುಂದೆ ಹೋಗಿ. ಅಮ್ಮಂದಿರಿಗೆ ಇದು ಬಹಳ ಇಷ್ಟವಾಗುತ್ತದೆ, ಕಿಟಕಿ ಇಳಿಸಿ ಕೂರಿಸಿ, ಕರು ಕೂಗುವುದು, ಧೂಳು, ಸಗಣಿಯ ವಾಸನೆ ಎಲ್ಲ ಒಳಗೆ ಬರಲಿ.

ಊಟದ ಬಗ್ಗೆ ಎರಡು ಮಾತು. ಊರಲ್ಲಿ ಒಳ್ಳೆಯ ಹೋಟೆಲ್‌ಗಳಿವೆ, ಸುತ್ತ ಬೆಳೆದ ತರಕಾರಿಯನ್ನೇ ಬಳಸುವವರೂ ಇದ್ದಾರೆ, ಸಸ್ಯಾಹಾರಿಗಳಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ಆದರೆ ಚಳಿಗಾಲದಲ್ಲಿ ಹೆಚ್ಚಿನವು ಮುಚ್ಚಿರುತ್ತವೆ, ಮಾರ್ಮನ್ ಅನ್ನುವ ಕ್ರೈಸ್ತ ಪಂಥದವರ ಊರುಗಳಾದ್ದರಿಂದ ಭಾನುವಾರವೂ ಕೆಲವು ಅಂಗಡಿ ತೆರೆಯುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಒಂದು ಚಿಕ್ಕ ರೈಸ್ ಕುಕ್ಕರ್ ಕಾರಿನಲ್ಲಿರಲಿ. ಸಾಮಾನನ್ನು ಆದಷ್ಟು ಊರಿನ ಅಂಗಡಿಯಲ್ಲೇ ಕೊಳ್ಳಿ, ಬೆಲೆ ಜಾಸ್ತಿ ಇದ್ದರೂ. ಅಷ್ಟು ದೂರ ಲಾರಿ ಬರುವುದರ ಖರ್ಚು ಅದರಲ್ಲಿ ಸೇರಿದೆ.

ಹೋಗಲು ಒಳ್ಳೆಯ ಕಾಲ ಮೇ ತಿಂಗಳು, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಅಕ್ಟೋಬರ್‌ನಲ್ಲಿ ಬೆಟ್ಟದ ಆಸ್ಪೆನ್ ಮರಗಳು ಹಳದಿಯಾಗಿರುತ್ತವೆ, ದನ ಇಳಿಯುವುದೂ ಆಗಲೇ. ಪೆಟ್ರೋಲನ್ನು ಎಸ್ಕಲಾಂಟೆ ಅಥವಾ ಟೋರಿಯಲ್ಲಿ ತುಂಬಿಸಿಕೊಳ್ಳಿ. ಎಸ್ಕಲಾಂಟೆ ಕಡೆಯಿಂದ ಬರುವಾಗ ಹಾಗ್‌ಬ್ಯಾಕ್ ಅನ್ನುವ ಕಡೆ ರಸ್ತೆ ಬಂಡೆಯ ಬೆನ್ನಿನ ಮೇಲೆ ಹೋಗುತ್ತದೆ, ಎರಡೂ ಪಕ್ಕ ಆಳ, ಅಲ್ಲಿ ಚಾಲಕ ನೋಟ ನೋಡುವುದು ಬೇಡ, ಮುಂದೆ ನಿಲ್ಲಿಸುವ ಜಾಗ ಇದೆ. ಟೋರಿ ಕಡೆಗೆ ಬೆಟ್ಟ ದಾಟುವಾಗ ರಸ್ತೆ ಸುಮಾರು 2,900 ಮೀಟರ್ ಮುಟ್ಟುತ್ತದೆ, ಉಸಿರಿನ ತೊಂದರೆ ಇರುವ ಹಿರಿಯರಿದ್ದರೆ ಮೇಲೆ ಹೆಚ್ಚು ಹೊತ್ತು ನಿಲ್ಲಬೇಡಿ. ಆ ಬೆಟ್ಟದ ದಾರಿಯನ್ನು ಕತ್ತಲಾಗುವ ಮುಂಚೆ ಮುಗಿಸಿ. ಕಪ್ಪು ದನ ಕಪ್ಪು ರಸ್ತೆಯಲ್ಲಿ ಹೆಡ್‌ಲೈಟ್ ಬೀಳುವವರೆಗೂ ಕಾಣುವುದಿಲ್ಲ, ಜಿಂಕೆಗಳಂತೂ ಸೂರ್ಯ ಮುಳುಗಿದ ಮೇಲೇ ರಸ್ತೆಗೆ ಬರುವುದು.